ದಿನ್ನೆಯ ಕೆಬ್ಬೆ ಹೊಲ

ಊರು ಬಿಟ್ಟು ದೂರ ಬಂದವರ ಬಾಯಲ್ಲಿ ‘ಊರಿನ ಮಣ್ಣು’ ಎಂಬ ಮಾತು ಮೇಲಿಂದ ಮೇಲೆ ಬರುತ್ತದೆ. ರಾಜ್ಯೋತ್ಸವದ ಭಾಷಣಗಳಂತೂ ಅದಿಲ್ಲದೆ ನಡೆಯುವುದೇ ಇಲ್ಲ. ಆದರೆ ಯಾವ ಮಣ್ಣು ಎಂದು ಸಭೆಯಲ್ಲಿ ಯಾರಾದರೂ ಎದ್ದು ಕೇಳಿದರೆ, ಅಲ್ಲಿ ಕುಳಿತ ನಾವೆಲ್ಲ ಒಂದೇ ಉತ್ತರ ಕೊಡಲಾರೆವು. ಸೂರತ್ತಿನಲ್ಲಿ ಹೋಟೆಲು ನಡೆಸುವ ಉಡುಪಿ ಕಡೆಯ ಬಂಧುಗಳಿಗೆ ಮಣ್ಣೆಂದರೆ ಜಂಬಿಟ್ಟಿಗೆಯ ಕೆಂಪು. ಧಾರವಾಡ, ಗದಗ, ಬಿಜಾಪುರದ ಕಡೆಯವರಿಗೆ ಅದು ಎರೆ, ಕೆಲವರಿಗೆ ಮಸಾರಿ. ಬೆಂಗಳೂರು, ತುಮಕೂರು, ಕೋಲಾರದ ಸೀಮೆಯಿಂದ ಬಂದ ನಮ್ಮಂಥವರಿಗೆ ಕೆಬ್ಬೆ. ಈ ಕೊನೆಯದರ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆನ್ನಿಸಿದ್ದು ಭಾಷಣ ಕೇಳಿ ಅಲ್ಲ. ಊರಿನಿಂದ ಬಂದ ಒಂದು ಪ್ರಶ್ನೆಯಿಂದ.

ನೆಲಮಂಗಲ ತಾಲ್ಲೂಕಿನಲ್ಲಿ, ತ್ಯಾಮಗೊಂಡ್ಲಿನ ಕಡೆ, ನಮ್ಮ ಮನೆತನಕ್ಕೆ ಮೂರು ಎಕರೆ ಖುಷ್ಕಿ ಜಮೀನಿದೆ. ಕೆರೆಯ ಕೆಳಗಿನ ಗದ್ದೆಯಲ್ಲ. ಊರಿನ ಮೇಲುಭಾಗದಲ್ಲಿ, ಇಳಿಜಾರಿನ ನೆತ್ತಿಯಲ್ಲಿರುವ ದಿನ್ನೆ ಹೊಲ. ನಾವು ಅಹಮದಾಬಾದಿಗೆ ಬಂದು ಮೂವತ್ತು ವರ್ಷ ಮೀರಿತು. ಮಗಳು ವಡೋದರಾದಲ್ಲಿ, ಮಗ ಸೂರತ್ತಿನಲ್ಲಿ ಸಂಸಾರ ಹೂಡಿದ್ದಾರೆ. ಹೊಲ ನೋಡಿಕೊಳ್ಳುವವನು ಊರಿನಲ್ಲಿರುವ ಚಿಕ್ಕಪ್ಪನ ಮಗ. ಆತ ಒಂದು ರಾತ್ರಿ ಫೋನು ಮಾಡಿ, “ಅಣ್ಣಾ, ಇಟ್ಟಿಗೆ ಗೂಡಿನವರು ಬಂದಿದ್ರು. ಜಮೀನು ಬೇಡವಂತೆ, ಮೇಲಿನ ಮೂರಡಿ ಮಣ್ಣು ಕೊಟ್ರೆ ಸಾಕಂತೆ. ಪಹಣಿ ನಮ್ಮ ಹೆಸರಲ್ಲೇ ಇರತ್ತೆ. ದುಡ್ಡು ಒಂದೇ ಸಲಕ್ಕೆ ಎಣಿಸ್ತಾರೆ. ಏನು ಹೇಳ್ಲಿ?” ಎಂದ. ಮಗಳು ವಡೋದರಾದಲ್ಲಿ ಆಗತಾನೆ ಮನೆ ಕೊಂಡಿದ್ದಳು; ಸಾಲದ ಕಂತು ಭಾರವಾಗಿತ್ತು. ಬೇಡವೆಂದು ಕೂಡಲೇ ಹೇಳಿಬಿಡುವಷ್ಟು ಹಗುರವಾದ ಹಣ ಅದಾಗಿರಲಿಲ್ಲ. ಎರಡು ತಿಂಗಳು ಕಾಲಾವಕಾಶ ಕೇಳಿದೆವು. ಆ ಎರಡು ತಿಂಗಳಲ್ಲಿ ನಮ್ಮ ಮನೆಯಲ್ಲಿ ನಡೆದ ಮಾತುಕತೆಯೆಲ್ಲ ಒಂದೇ ವಿಷಯದ ಸುತ್ತ: ಮೂರಡಿ ಮಣ್ಣು ಎಂದರೆ ಏನು?

ಮೊದಲು ಅದರ ಹುಟ್ಟನ್ನು ನೋಡೋಣ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತ ಬಂಡೆಯನ್ನು ವಾಚಕರಲ್ಲಿ ಅನೇಕರು ಹತ್ತಿ ಇಳಿದಿರಬಹುದು. ಅದಕ್ಕೆ ಸುಮಾರು 300 ಕೋಟಿ ವರ್ಷ ವಯಸ್ಸೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ನಮ್ಮ ದಿನ್ನೆಯ ಕೆಳಗಿರುವುದೂ ಅದೇ ಜಾತಿಯ ಕಲ್ಲು. ಮಳೆ, ಬಿಸಿಲು, ಬೇರು ಇವು ಮೂರೂ ಸೇರಿ ಆ ಕಲ್ಲನ್ನು ಬಲು ನಿಧಾನವಾಗಿ ಕೊಳೆಯಿಸುತ್ತವೆ. ಕರಗುವ ಸತ್ವವೆಲ್ಲ ನೀರಿನೊಡನೆ ಹರಿದುಹೋಗಿ, ಹರಿಯದೆ ನಿಂತ ಕಬ್ಬಿಣ ಗಾಳಿಗೆ ತುಕ್ಕು ಹಿಡಿಯುತ್ತದೆ. ಆ ತುಕ್ಕಿನ ಒಂದು ರೂಪಕ್ಕೆ ಹೆಮಟೈಟ್ ಎಂದು ಹೆಸರು. ಕೆಮ್ಮಣ್ಣಿನ ಕೆಂಪು ಅದರದು. ನೀರಿನ ಅಂಶ ಸೇರಿದ ಇನ್ನೊಂದು ರೂಪ ಹೆಚ್ಚಿದ್ದರೆ ಮಣ್ಣು ಹಳದಿಗೆ ತಿರುಗುತ್ತದೆ. ದಿನ್ನೆಯಲ್ಲಿ ನೀರು ನಿಲ್ಲದೆ ಬಸಿದುಹೋಗುವುದರಿಂದ ಅಲ್ಲಿ ಕೆಂಪೇ ಗೆಲ್ಲುತ್ತದೆ. ಅದೇ ಇಳಿಜಾರಿನ ತಗ್ಗಿಗೆ ಹೋದರೆ ಬಣ್ಣ ಮಾಸುತ್ತಾ ಬಂದು, ಕೆರೆಯ ಹತ್ತಿರ ಕಪ್ಪು ಜೇಡಿಯಾಗಿರುತ್ತದೆ. ಹೀಗೆ ಒಂದು ಅಂಗುಲ ಮಣ್ಣು ಆಗಬೇಕಾದರೆ ನೂರಾರು ವರ್ಷ ಬೇಕು. ಮೂರಡಿಗೆ 36 ಅಂಗುಲ. ಲೆಕ್ಕವನ್ನು ವಾಚಕರೇ ಹಾಕಿಕೊಳ್ಳಬಹುದು.

ಮಣ್ಣಿಗೆ ಹೆಸರಿಡುವ ಕೆಲಸ ವಿಜ್ಞಾನಿಗಳಿಗೆ ಮೊದಲೇ ನಮ್ಮ ರೈತರು ಮಾಡಿ ಮುಗಿಸಿದ್ದರು. ಟಿಪ್ಪುವಿನ ಕಾಲ ಮುಗಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು ಸೀಮೆಯಲ್ಲಿ ಊರೂರು ಸುತ್ತಿ ರೈತರನ್ನು ವಿಚಾರಿಸಿ ಬರೆದುಕೊಂಡ. ಎರೆ, ಕೆಬ್ಬೆ, ಮರಳು ಎಂಬ ಭೇದಗಳು ಅವನ ಪುಸ್ತಕದಲ್ಲಿ ಬಂದಿವೆ: ಎರೆ ಎಂದರೆ ಕಪ್ಪು ಜೇಡಿ, ಕೆಬ್ಬೆ ಎಂದರೆ ಜೇಡಿ ಕೂಡಿದ ಕೆಂಪು, ಮರಳು ಹೆಸರೇ ಹೇಳುವಂತೆ. ಜಂಬಿಟ್ಟಿಗೆ ಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರು ಕೊಟ್ಟವನೂ ಇದೇ ಬುಕಾನನ್. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗಿರುವ ಶಬ್ದದಿಂದ ಅದನ್ನು ಮಾಡಿದ. ಎರಡೂ ಕೆಂಪೆಂದು ಕೆಬ್ಬೆಯನ್ನೂ ಜಂಬಿಟ್ಟಿಗೆಯನ್ನೂ ಒಂದೇ ಎನ್ನುವವರುಂಟು. ಹಾಗಲ್ಲ. ಕರಾವಳಿಯ ಭಾರಿ ಮಳೆಯಲ್ಲಿ ಸತ್ವ ಪೂರ್ತಿ ತೊಳೆದುಹೋಗಿ ಕಬ್ಬಿಣವೇ ಕಲ್ಲಾಗಿ ನಿಂತದ್ದು ಜಂಬಿಟ್ಟಿಗೆ. ಬಯಲುಸೀಮೆಯ ಮಿತವಾದ ಮಳೆಯಲ್ಲಿ ಒಂದಷ್ಟು ಸತ್ವ ಉಳಿದದ್ದು ಕೆಬ್ಬೆ.

ಈ ಕಾಲದ ವಿಜ್ಞಾನಿಗಳ ಹೆಸರು ಸ್ವಲ್ಪ ಉದ್ದ. ಲೋಕದ ಮಣ್ಣುಗಳನ್ನೆಲ್ಲ ಅವರು ಹನ್ನೆರಡು ಗಣಗಳಾಗಿ ವಿಂಗಡಿಸಿದ್ದಾರೆ. ಸೂರತ್ತಿನ ಹೊಲಗಳ ಕಪ್ಪು, ಬಿಜಾಪುರದ ಎರೆ ಇವು ವರ್ಟಿಸಾಲ್ ಗಣ. ಬೇಸಿಗೆಯಲ್ಲಿ ಬಿರಿದ ಸೀಳುಗಳೊಳಕ್ಕೆ ಮೇಲಿನ ಮಣ್ಣು ಬಿದ್ದು ತನ್ನನ್ನು ತಾನೇ ಮಗುಚಿಕೊಳ್ಳುವುದರಿಂದ, ಮಗುಚು ಎಂಬರ್ಥದ ಲ್ಯಾಟಿನ್ ಶಬ್ದದಿಂದ ಆ ಹೆಸರು. ಅಹಮದಾಬಾದಿನ ಸುತ್ತಲಿನ, ಇಲ್ಲಿಯ ರೈತರು ಗೋರಾಡು ಎನ್ನುವ ಹಗುರವಾದ ಮಣ್ಣು ನದಿ ಮತ್ತು ಗಾಳಿ ತಂದು ಹಾಸಿದ್ದು. ವಡೋದರಾ ಜಿಲ್ಲೆಯಲ್ಲಿ ಎರಡೂ ಉಂಟು. ನಮ್ಮ ಕೆಬ್ಬೆ ಸೇರುವುದು ಆಲ್ಫಿಸಾಲ್ ಗಣಕ್ಕೆ. ಅದರಲ್ಲಿ ಕಡುಗೆಂಪಾದದ್ದಕ್ಕೆ ‘ರೋಡುಸ್ಟಾಲ್ಫ್’ ಎನ್ನುತ್ತಾರೆ. ಬಾಯಿ ತಿರುಗದ ಹೆಸರಾದರೂ ಬಿಡಿಸಿದರೆ ಸುಲಭ: ‘ರೋಡ್’ ಎಂದರೆ ಗ್ರೀಕರ ಗುಲಾಬಿ, ‘ಉಸ್ಟ್’ ಎಂದರೆ ವರ್ಷದಲ್ಲಿ ಕೆಲವು ತಿಂಗಳು ಒಣಗುವಂಥದು, ‘ಆಲ್ಫ್’ ಗಣದ ಗುರುತು. ಗಣದ ಕೆಳಗೆ ಹಲವು ಮೆಟ್ಟಿಲು ಇಳಿದರೆ ಕಟ್ಟಕಡೆಗೆ ಊರಿನ ಹೆಸರೇ ಬರುತ್ತದೆ. ಯಾವ ಊರಿನ ಬಳಿ ಗುಂಡಿ ತೋಡಿ ಆ ಮಣ್ಣನ್ನು ಮೊದಲು ವರ್ಣಿಸಿದರೋ ಆ ಊರಿನ ಹೆಸರು ಆ ಬಗೆಯ ಮಣ್ಣಿಗೆಲ್ಲ ಸಲ್ಲುತ್ತದೆ. ‘ತ್ಯಾಮಗೊಂಡ್ಲು’ ಒಂದು, ‘ವಿಜಯಪುರ’ ಇನ್ನೊಂದು. ಇದು ಬಿಜಾಪುರವಲ್ಲ, ದೇವನಹಳ್ಳಿ ತಾಲ್ಲೂಕಿನ ವಿಜಯಪುರ. 2008ರಿಂದ ಬೆಂಗಳೂರಿನ ವಿಮಾನಗಳು ಇಳಿಯುವುದು ಆ ಸೀಮೆಯಲ್ಲೇ; ಇಳಿಯುವ ಮೊದಲು ಕಿಟಕಿಯಲ್ಲಿ ಕಾಣುವ ಕೆಂಪು ಅದೇ. ನಮ್ಮ ಪಕ್ಕದ ಊರಿನ ಹೆಸರು ಮಣ್ಣಿನ ಶಾಸ್ತ್ರದಲ್ಲಿ ಸೇರಿರುವುದನ್ನು ಕೇಳಿ ಮೊಮ್ಮಕ್ಕಳಿಗೆ ಬಲು ಸಂತೋಷವಾಯಿತು.

ಮೊಮ್ಮಕ್ಕಳ ಮಾತು ಬಂದದ್ದರಿಂದ ದೀಪಾವಳಿಯ ರಜೆಯಲ್ಲಿ ನಮ್ಮ ಮನೆಯ ಗ್ಯಾಲರಿಯಲ್ಲಿ ನಡೆದ ಪರೀಕ್ಷೆಯನ್ನು ಹೇಳಲೇಬೇಕು. ಯಾರ ಮನೆಯಲ್ಲಾದರೂ ಮಾಡಬಹುದಾದದ್ದು. ಮಗ ಸೂರತ್ತಿನ ಹೊಲವೊಂದರಿಂದ ಕಪ್ಪುಮಣ್ಣು ತಂದಿದ್ದ. ನಾವು ಸಾಬರಮತಿಯ ಕಡೆಯಿಂದ ಗೋರಾಡು ತಂದೆವು. ಊರಿಗೆ ಹೋದಾಗ ಚೀಲದಲ್ಲಿ ತಂದಿಟ್ಟ ಕೆಬ್ಬೆ ಇದ್ದೇ ಇತ್ತು. ಮೂರು ಗಾಜಿನ ಬಾಟಲಿಗಳಲ್ಲಿ ಮೂರನ್ನೂ ಕಾಲುಭಾಗ ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಟ್ಟೆವು. ಗೋರಾಡು ಬಹುಪಾಲು ಬೇಗನೆ ತಳ ಸೇರಿತು. ಸೂರತ್ತಿನ ನೀರು ಮರುದಿನವೂ ಕಲಕಿಕೊಂಡೇ ಇತ್ತು. ಕೆಬ್ಬೆಯೂ ಸ್ವಲ್ಪ ಹೊತ್ತಿಗೆ ಕುಳಿತುಬಿಟ್ಟಿತು. “ಜೇಡಿಮಣ್ಣು ಅಂದ್ರಿ, ಇದೂ ಮರಳೇ ತಾನೆ, ತಾತ?” ಎಂದಳು ಮೊಮ್ಮಗಳು. ಇನ್ನೊಮ್ಮೆ ಕುಲುಕುವಾಗ ಚಿಟಿಕೆ ಬಟ್ಟೆಸೋಡ ಹಾಕಿದೆವು. ಬೆಳಗ್ಗೆ ನೋಡಿದರೆ ಬಾಟಲಿಯ ತುಂಬ ಓಕುಳಿ.

ಇದರ ಗುಟ್ಟು ಇಷ್ಟೆ. ಜೇಡಿಯ ಕಣ ಒಂದು ಮಿಲಿಮೀಟರಿನ 500ನೆಯ ಒಂದು ಪಾಲಿಗಿಂತಲೂ ಸಣ್ಣದು. ಕೆಬ್ಬೆಯಲ್ಲಿ ಕಬ್ಬಿಣವು ಅಂಟಿನಂತೆ ಈ ಕಣಗಳನ್ನು ಸೇರಿಸಿ ಹರಳು ಹರಳಾಗಿ ಕಟ್ಟಿರುತ್ತದೆ. ಸೋಡ ಆ ಕಟ್ಟನ್ನು ಬಿಡಿಸುತ್ತದೆ. ನೂರಕ್ಕೆ 35 ಪಾಲು ಜೇಡಿಯಿದ್ದರೆ ವಿಜ್ಞಾನಿಗಳು ಅದನ್ನು ಜೇಡಿಮಣ್ಣಿನ ವರ್ಗಕ್ಕೆ ಸೇರಿಸುತ್ತಾರೆ. ಕೆಬ್ಬೆಯಲ್ಲಿ ಅಷ್ಟು ಜೇಡಿ ಸಿಕ್ಕುವುದು ಮೇಲ್ಮೈಯಲ್ಲಲ್ಲ. ಒಂದಡಿ, ಒಂದೂವರೆ ಅಡಿ ಕೆಳಗೆ. ಸಾವಿರಾರು ಮಳೆಗಾಲಗಳ ನೀರು ಮೇಲಿನ ಜೇಡಿಯನ್ನು ಕೆಳಕ್ಕೆ ಇಳಿಸಿ ಅಲ್ಲಿ ಕೂಡಿಟ್ಟಿರುತ್ತದೆ. ಆ ಪದರದ ಹೆಂಟೆ ಒಡೆದು ನೋಡಿದರೆ ಮೈಗೆ ಎಣ್ಣೆ ಸವರಿದಂಥ ಹೊಳಪು ಕಾಣುತ್ತದೆ. ಆಲ್ಫಿಸಾಲಿನ ಮುಖ್ಯ ಲಕ್ಷಣವೇ ಇದು. ಮೇಲಿನ ಸಡಿಲಮಣ್ಣು ಮಳೆಯನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ, ಕೆಳಗಿನ ಜೇಡಿ ಅದನ್ನು ಹಿಡಿದಿಡುತ್ತದೆ. ಮಳೆ ಹದಿನೈದು ದಿನ ಕೈಕೊಟ್ಟರೂ ರಾಗಿ ಬಾಡದೆ ನಿಲ್ಲುವುದು ಆ ಉಗ್ರಾಣದ ಬಲದಿಂದ. ಇಟ್ಟಿಗೆಯವರು ಕೇಳಿದ ಮೂರಡಿಯಲ್ಲಿ ಮೇಲಿನ ಬಾಗಿಲೂ ಹೋಗುತ್ತದೆ, ಕೆಳಗಿನ ಉಗ್ರಾಣವೂ ಬಹುಪಾಲು ಹೋಗುತ್ತದೆ. ಉಳಿಯುವುದು ಗರಸು, ಅದರ ಕೆಳಗೆ ಕೊಳೆತ ಕಲ್ಲು.

ಅವರಿಗೆ ಈ ಮಣ್ಣೇ ಏಕೆ ಬೇಕು ಎಂಬುದನ್ನು ತಿಳಿಸಿದವನು ಸೂರತ್ತಿನ ಮಗ. ಅವನು ಕಟ್ಟಡದ ಕೆಲಸದಲ್ಲಿರುವವನು. ಬಾಟಲಿಯ ಕೆಸರನ್ನು ಎರಡು ತಟ್ಟೆಗಳಲ್ಲಿ ಸುರಿದು ಬಿಸಿಲಿಗಿಟ್ಟ. ಸೂರತ್ತಿನದು ತಟ್ಟೆಯ ಅಂಚು ಬಿಟ್ಟು ಕುಗ್ಗಿ, ತುಂಡು ತುಂಡಾಗಿ ಬಿರಿಯಿತು. ಕೆಬ್ಬೆ ಹೆಚ್ಚು ಬಿರಿಯದೆ ಗಟ್ಟಿಯಾಗಿ ಕುಳಿತಿತು. ಕಪ್ಪುಮಣ್ಣಿನ ಜೇಡಿ ಸ್ಮೆಕ್ಟೈಟ್ ಜಾತಿ. ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಅದರ ಮೇಲೆ ಮನೆ ಕಟ್ಟುವವರು ಪಾಯಕ್ಕೇ ಬಹಳ ಹಣ ಸುರಿಯಬೇಕು. ಕೆಬ್ಬೆಯದು ಕೆಯೊಲಿನೈಟ್, ಉಬ್ಬುವುದಿಲ್ಲ, ಕುಗ್ಗುವುದಿಲ್ಲ. “ಇಷ್ಟು ಸಾಧುವಾದ ಮಣ್ಣು ಎಲ್ಲಿ ಸಿಗುತ್ತೆ, ಅಪ್ಪ? ಇಟ್ಟಿಗೆಗೂ ಆಯಿತು, ಸೈಟಿಗೂ ಆಯಿತು” ಎಂದ. ಸಾಧು ಎತ್ತಿಗೆ ಎರಡು ಹೊರೆ ಎಂಬಂತೆ, ಈ ಒಳ್ಳೆಯ ಗುಣವೇ ಕೆಬ್ಬೆಗೆ ಮುಳುವಾಗಿದೆ.

ಹಾಗೆಂದು ಕೆಬ್ಬೆಯನ್ನು ಹೊಗಳಿ ಅಟ್ಟಕ್ಕೇರಿಸುವ ಇರಾದೆ ನಮಗಿಲ್ಲ. ಅದು ಬಡ ಮಣ್ಣು. ಸಾರಜನಕ ಕಡಮೆ, ರಂಜಕ ಹಾಕಿದರೆ ಕಬ್ಬಿಣ ಅದನ್ನು ಕಟ್ಟಿಹಾಕುತ್ತದೆ, ಕೊಟ್ಟ ಗೊಬ್ಬರವನ್ನು ಎರೆಯ ಹಾಗೆ ಬಹುಕಾಲ ಹಿಡಿದಿಡುವ ಶಕ್ತಿ ಇಲ್ಲ. ಬಿತ್ತಿದ ಮೇಲೆ ಒಂದು ಜೋರು ಮಳೆ ಬಂದು ಬಿಸಿಲು ಬಿದ್ದರೆ ಮೇಲೆ ಹೆಪ್ಪುಗಟ್ಟಿ, ಮೊಳಕೆ ತಲೆಯೆತ್ತಲಾರದೆ ಸಾಯುತ್ತದೆ. ಇದನ್ನು ಬಲ್ಲ ಹಿರಿಯರು ಅದಕ್ಕೆ ತಕ್ಕ ಉಪಚಾರ ಕಂಡುಕೊಂಡಿದ್ದರು: ಕೊಟ್ಟಿಗೆ ಗೊಬ್ಬರ, ಹೆಪ್ಪು ಒಡೆಯಲು ಕುಂಟೆ, ರಾಗಿಯ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು, ಇಳಿಜಾರಿಗೆ ಅಡ್ಡಲಾಗಿ ಬದು. ಎಲ್ಲಕ್ಕೂ ಮಿಗಿಲಾದದ್ದು ಕೆರೆ ಗೋಡು. ಬೇಸಿಗೆಯಲ್ಲಿ ಬತ್ತಿದ ಕೆರೆಯ ಗೋಡನ್ನು ಗಾಡಿಯಲ್ಲಿ ಹೇರಿ ದಿನ್ನೆಗೆ ಹೊಡೆಯುತ್ತಿದ್ದರು. ದಿನ್ನೆಯಿಂದ ಕೊಚ್ಚಿಹೋದ ಜೇಡಿ ಮತ್ತು ಸತ್ವ ಸೇರುವುದು ಕೆರೆಗೇ ಆದ್ದರಿಂದ, ಇದು ಕೊಟ್ಟ ಸಾಲವನ್ನು ವಸೂಲು ಮಾಡಿಕೊಂಡಂತೆ.

ಮಣ್ಣು ಹೋಗುವ ಬಗೆಯನ್ನು ನೋಡಲು ಕರ್ನಾಟಕಕ್ಕೇ ಹೋಗಬೇಕಾಗಿಲ್ಲ. ಅಹಮದಾಬಾದಿನಿಂದ ವಡೋದರಾಕ್ಕೆ ರೈಲಿನಲ್ಲಿ ಹೋಗುವಾಗ ವಾಸದದ ಬಳಿ ಮಹೀ ನದಿ ದಾಟುತ್ತೇವೆ. ದಡದ ನೆಲವೆಲ್ಲ ಕೊರೆದು ಸೀಳಿದ ಕಂದಕಗಳು. ಇಲ್ಲಿಯವರು ಅವನ್ನು ಕೋತರ್ ಎನ್ನುತ್ತಾರೆ. ಅವನ್ನು ತಡೆಯುವ ವಿದ್ಯೆಗಾಗಿಯೇ ವಾಸದದಲ್ಲಿ ಕೇಂದ್ರ ಸರ್ಕಾರದ ಮಣ್ಣು ಸಂರಕ್ಷಣೆಯ ಸಂಶೋಧನಾ ಕೇಂದ್ರವಿದೆ. ಇನ್ನೊಂದು ಸೋಜಿಗ: ಅದೇ ಮಹೀ ದಡದ ಎತ್ತರವಾದ ಗೋಡೆಗಳಲ್ಲಿ, ವಡೋದರಾಕ್ಕೆ ಸಮೀಪದ ರಾಯ್ಕಾ ಮುಂತಾದ ಕಡೆ, ಕಂದು ಪದರಗಳ ನಡುವೆ ಕೆಂಪು ಪಟ್ಟಿಯೊಂದು ಕಾಣುತ್ತದೆ. ಹತ್ತಾರು ಸಾವಿರ ವರ್ಷಗಳ ಹಿಂದೆ ನೆಲದ ಮೇಲ್ಮೈಯಾಗಿದ್ದು, ಆಮೇಲೆ ಹೂತುಹೋದ ಕೆಮ್ಮಣ್ಣು ಅದು ಎಂದು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ನಮ್ಮ ಕೆಬ್ಬೆಗೆ ಗುಜರಾತಿನಲ್ಲೂ ಒಬ್ಬ ದೂರದ ನೆಂಟನಿದ್ದಾನೆ. ನದಿ ಕೊರೆದದ್ದರಿಂದಲೇ ಅವನ ಮುಖ ನಮಗೆ ಕಂಡಿತು. ಅದೇ ನದಿ ಅವನನ್ನು ವರ್ಷ ವರ್ಷವೂ ಕೆಡವುತ್ತಲೂ ಇದೆ.

ಎರಡು ತಿಂಗಳು ಮುಗಿದಾಗ ಮೂರೂ ಮನೆಯವರು ಫೋನಿನಲ್ಲಿ ಸೇರಿ ಮಾತಾಡಿದೆವು. ಮೊದಲು ಮಾತೆತ್ತಿದವಳು, ಹಣದ ಅಗತ್ಯ ಹೆಚ್ಚಾಗಿದ್ದ ಮಗಳೇ. “ಕಂತು ಹೇಗೋ ಹದಿನೈದು ವರ್ಷದಲ್ಲಿ ತೀರತ್ತೆ. ಆ ಮಣ್ಣು ಎಷ್ಟು ವರ್ಷದಲ್ಲಿ ತುಂಬತ್ತೆ?” ಎಂದಳು. ಅದಕ್ಕೆ ಮೇಲೆ ಯಾರೂ ಮಾತು ಬೆಳೆಸಲಿಲ್ಲ. ಬೇಡವೆಂದು ಊರಿಗೆ ತಿಳಿಸಿದೆವು. ತಮ್ಮ ಸುಮ್ಮನಿದ್ದು, “ಹಂಗಾದ್ರೆ ಪಂಚಾಯಿತಿಯಲ್ಲಿ ಕೇಳಿ ಈ ಬೇಸಿಗೆ ಗೋಡು ಹೊಡೆಸ್ತೀನಿ. ಟ್ರ್ಯಾಕ್ಟರ್ ಬಾಡಿಗೆ ಮಾತ್ರ ನೀವು ಕಳಿಸ್ಬೇಕು” ಎಂದ. ಕಳುಹಿಸಿದೆವು.

ಪಕ್ಕದ ಹೊಲದವರು ಮಣ್ಣು ಕೊಟ್ಟರು. ಅವರ ಮನೆಯಲ್ಲಿ ಮದುವೆಯಿತ್ತು. ಅವರನ್ನು ನಾವು ತಪ್ಪು ಹೇಳಲಾರೆವು. ಈಗ ಅವರ ಹೊಲ ನಮ್ಮದಕ್ಕಿಂತ ಮೂರಡಿ ತಗ್ಗಿನಲ್ಲಿದೆ. ಮಳೆಯಲ್ಲಿ ಅಲ್ಲಿ ನೀರು ನಿಲ್ಲುತ್ತದೆ. ನಮ್ಮ ಬದು ಆ ಕಡೆಗೆ ಕುಸಿಯುತ್ತದೆ. ತಮ್ಮ ಅಂಚಿನುದ್ದಕ್ಕೂ ಕತ್ತಾಳೆ ನೆಟ್ಟಿದ್ದಾನೆ. ನಿಲ್ಲುತ್ತದೆಯೋ ಇಲ್ಲವೋ ಎರಡು ಮಳೆಗಾಲ ಕಳೆದ ಮೇಲೆ ಹೇಳಬೇಕು.

ವಾಚಕರಲ್ಲಿ ಒಂದು ಬಿನ್ನಹ. ಊರಿನಲ್ಲಿ ತುಂಡು ಹೊಲ ಉಳಿಸಿಕೊಂಡವರು ಅದರ ಪಹಣಿಯನ್ನು ಒಮ್ಮೆ ತೆಗೆದು ನೋಡಿರಿ. ಇಲ್ಲಿಯ ಸಾತ್‌-ಬಾರಾ ಇದ್ದಂತೆ ಅದು; ಈಗ ಮನೆಯಲ್ಲೇ ಕುಳಿತು ನೋಡಬಹುದು. ಅದರಲ್ಲಿ ‘ಮಣ್ಣಿನ ನಮೂನೆ’ ಎಂದು ಒಂದು ಅಂಕಣವಿದೆ. 2015ರಿಂದ ಸರ್ಕಾರ ಕೊಡುತ್ತಿರುವ ಮಣ್ಣಿನ ಆರೋಗ್ಯ ಚೀಟಿಯಲ್ಲಿ 12 ಅಂಶಗಳ ಪರೀಕ್ಷೆಯ ಫಲವೂ ಸಿಕ್ಕುತ್ತದೆ. ಊರಿನಲ್ಲಿರುವವರಿಗೆ ಹೇಳಿ ಮಾಡಿಸಬಹುದು. ನಮ್ಮ ಪಹಣಿಯ ಆ ಅಂಕಣದಲ್ಲಿ ‘ಕೆಂಪು’ ಎಂಬ ಒಂದೇ ಒಂದು ಮಾತಿದೆ. ಮಿಕ್ಕದ್ದನ್ನು ಮಕ್ಕಳಿಗೆ ಹೇಳಿಡುವ ಕೆಲಸ ಹಿರಿಯರದು.