ಅಳಿಯನ ಲೈಬ್ರರಿಯೂ ನಮ್ಮ ಚೀಟಿಯೂ

ಲೈಬ್ರರಿ ಎಂದರೆ ನಮಗೆ ಗೊತ್ತಿದ್ದದ್ದು ಒಂದೇ. ಅಫ್ಜಲ್‌ಗಂಜಿನಲ್ಲಿ ಮೂಸಿ ನದಿಯ ದಂಡೆಯ ಮೇಲಿರುವ ರಾಜ್ಯ ಕೇಂದ್ರ ಗ್ರಂಥಾಲಯ. ಹಳಬರ ಬಾಯಲ್ಲಿ ಅದು ಇಂದಿಗೂ ಆಸಫಿಯಾ. ರಾಯಚೂರಿನಲ್ಲಿ ಬಿ.ಎಸ್‌ಸಿ. ಮುಗಿಸಿ, ಕೇಂದ್ರ ಸರ್ಕಾರದ ಗುಮಾಸ್ತಗಿರಿಗೆಂದು ಈ ಊರಿಗೆ ಬಂದ ಹೊಸದರಲ್ಲಿ, ರಜೆಯ ದಿನ ಹೊತ್ತು ಹೋಗದಿದ್ದರೆ ಅಲ್ಲಿಯ ಫ್ಯಾನಿನ ಕೆಳಗೆ ಕುಳಿತು ಬರುತ್ತಿದ್ದೆವು. ಹಾಗಾಗಿ ಮೊನ್ನೆ ಭಾನುವಾರ ಊಟಕ್ಕೆ ಬಂದ ನಮ್ಮ ಅಕ್ಕನ ಮಗ, ಜೋಳದ ರೊಟ್ಟಿ ಮುರಿಯುತ್ತ, "ಮಾಮಾ, ನಾ ಈಗ ಒಂದು ಲೈಬ್ರರಿ ಬರೀಲಿಕ್ಕತ್ತೀನಿ" ಎಂದಾಗ ನಮಗೆ ನಗು ತಡೆಯಲಾಗಲಿಲ್ಲ. ಲೈಬ್ರರಿಯಲ್ಲಿ ಓದುವವರನ್ನು ಕಂಡಿದ್ದೇವೆ, ನಿದ್ದೆ ಮಾಡುವವರನ್ನೂ ಕಂಡಿದ್ದೇವೆ. ಲೈಬ್ರರಿಯನ್ನೇ ಬರೆಯುವವನನ್ನು ಕಂಡದ್ದು ಅದೇ ಮೊದಲು.

ಅಳಿಯನಿಗೆ ಮಾದಾಪುರದ ಕಡೆ ಒಂದು ಕಂಪನಿಯಲ್ಲಿ ಕೆಲಸ. ಅವನ ಭಾಷೆಯಲ್ಲಿ ಲೈಬ್ರರಿ ಎಂದರೆ, ಬೇರೆಯವರು ತಮ್ಮ ಪ್ರೋಗ್ರಾಮಿನಲ್ಲಿ ಸೇರಿಸಿಕೊಂಡು ಬಳಸಲೆಂದು ಮೊದಲೇ ಬರೆದಿಟ್ಟ ಸಿದ್ಧ ಪ್ರೋಗ್ರಾಮುಗಳ ಕಟ್ಟು. ಅವನು ಬರೆಯುತ್ತಿದ್ದದ್ದು ಸ್ಮಾರ್ಟ್ ಕಾಂಟ್ರಾಕ್ಟುಗಳ ತಪ್ಪು ಹುಡುಕುವ ಸೇವೆಯೊಂದರ ಜೊತೆ ವ್ಯವಹರಿಸುವ ಕಟ್ಟು.

ಸ್ಮಾರ್ಟ್ ಕಾಂಟ್ರಾಕ್ಟ್ ಎಂದರೇನು ಎಂದು ಓದುಗರು ಹುಬ್ಬೇರಿಸಬಹುದು; ನಾವೂ ಏರಿಸಿದೆವು. ಇಬ್ಬರ ನಡುವಿನ ಕರಾರನ್ನು ಸ್ಟಾಂಪು ಕಾಗದದ ಮೇಲೆ ಬರೆಯುವ ಬದಲು ಪ್ರೋಗ್ರಾಮಾಗಿ ಬರೆದು, 2015ರಲ್ಲಿ ಶುರುವಾದ ಈಥೀರಿಯಂನಂಥ ಬ್ಲಾಕ್‌ಚೈನಿನ ಮೇಲೆ ಇಡುತ್ತಾರೆ. ಬ್ಲಾಕ್‌ಚೈನ್ ಎಂದರೆ ಒಬ್ಬರ ಬೀರುವಿನಲ್ಲಿ ಇರದೆ, ಸಾವಿರಾರು ಕಂಪ್ಯೂಟರುಗಳಲ್ಲಿ ಏಕಕಾಲಕ್ಕೆ ಇರುವ ಲೆಕ್ಕದ ಪುಸ್ತಕ. ಷರತ್ತು ಪೂರೈಸಿದರೆ ಹಣ ತಾನಾಗಿ ಕೈ ಬದಲಾಗುತ್ತದೆ. ಒಮ್ಮೆ ಇಟ್ಟ ಪ್ರೋಗ್ರಾಮನ್ನು ಸಾಮಾನ್ಯವಾಗಿ ತಿದ್ದಲಾಗುವುದಿಲ್ಲ. ಆದ್ದರಿಂದ ಇಡುವ ಮೊದಲೇ ತಪಾಸಣೆ ಆಗಬೇಕು. ಅದಕ್ಕೆಂದೇ ಸೇವೆಗಳಿವೆ. ಮಿಥ್‌ಎಕ್ಸ್ ಎಂಬುದು ಅಂಥ ಒಂದು ಸೇವೆಯಾಗಿತ್ತು. ಪೈಥಾನ್ ಭಾಷೆಯಲ್ಲಿ ಬರೆಯುವವರು ಅದರೊಡನೆ ವ್ಯವಹರಿಸಲು ಪೈಥ್‌ಎಕ್ಸ್ ಎಂಬ ಲೈಬ್ರರಿ ಇತ್ತು.

"ಅಂದರೆ ನಿನ್ನ ಲೈಬ್ರರಿ ತಪ್ಪು ಹುಡುಕುತ್ತದೆಯೋ?" ಎಂದು ಕೇಳಿದೆವು.

"ಇಲ್ಲ ಮಾಮಾ. ಹುಡುಕೋದು ಸೇವೆ. ಗುರುತಿನ ಚೀಟಿ ತೋರಿಸಿ ಒಳಗೆ ಹೋಗೋದು, ಕಾಂಟ್ರಾಕ್ಟು ಒಪ್ಪಿಸೋದು, 'ಆಯ್ತೇನ್ರೀ' ಅಂತ ಆಗಾಗ ಕೇಳೋದು, ವರದಿ ಬಂದ ಮೇಲೆ ದೊಡ್ಡ ತಪ್ಪು, ಸಣ್ಣ ತಪ್ಪು ಅಂತ ವಿಂಗಡಿಸಿ ಕೊಡೋದು, ಇಷ್ಟೇ ಲೈಬ್ರರಿ ಕೆಲಸ."

ನಮಗೆ ಥಟ್ಟನೆ ಅರ್ಥವಾಯಿತು. ಇದು ನಮ್ಮ ಆಫೀಸಿನ ಡಿಸ್‌ಪ್ಯಾಚ್ ಗುಮಾಸ್ತನ ಕೆಲಸ. ಕಡತ ಆಡಿಟ್ಟಿಗೆ ಕಳಿಸುವವನೂ ಅವನೇ, ಜ್ಞಾಪನ ಪತ್ರ ಹಾಕುವವನೂ ಅವನೇ, ಆಕ್ಷೇಪಣೆಯ ಹಾಳೆ ತಂದು ಮೇಜಿನ ಮೇಲೆ ಇಡುವವನೂ ಅವನೇ. ಇಪ್ಪತ್ತು ವರ್ಷ ನಾವು ಮಾಡಿದ್ದನ್ನು ಹುಡುಗ ಕಂಪ್ಯೂಟರಿಗೆ ಕಲಿಸಿ, ನಮಗಿಂತ ಹೆಚ್ಚು ಸಂಬಳ ಎಣಿಸುತ್ತಿದ್ದಾನೆ ಎಂದು ನಮ್ಮಾಕೆ ಮಜ್ಜಿಗೆ ಬಡಿಸುತ್ತ ಹೇಳಿದಳು. ಅದಕ್ಕೆ ನಾವು ಉತ್ತರಿಸಲಿಲ್ಲ.

ಊಟವಾದ ಮೇಲೆ ಅವನು, "ನಿಮಗೆ ಗೊತ್ತಿರೋ ಒಂದು ಕರಾರು ಹೇಳ್ರಿ, ಬರೆದು ತೋರಿಸ್ತೀನಿ" ಎಂದ. ನಾವು ಯೋಚಿಸದೆ "ಚೀಟಿ" ಎಂದುಬಿಟ್ಟೆವು. ನಮ್ಮಾಕೆ ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು. ನಮ್ಮ ಮನೆಯಲ್ಲಿ ಆ ಶಬ್ದ ಬಾಯಿಗೆ ಬಂದು ವರ್ಷಗಳಾಗಿದ್ದವು.

ಹೊರನಾಡಿಗೆ ಬಂದ ಸಂಸಾರಗಳಿಗೆ ಚೀಟಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ನಮ್ಮದು ಇಪ್ಪತ್ತು ಜನರ ಚೀಟಿ. ತಿಂಗಳಿಗೆ ತಲಾ ಐದು ಸಾವಿರ, ಕೂಡಿದರೆ ಒಂದು ಲಕ್ಷ. ತಿಂಗಳಿಗೊಮ್ಮೆ ಕೂಗು, ಇಲ್ಲಿಯ ತೆಲುಗಿನಲ್ಲಿ ಅದಕ್ಕೆ 'ಪಾಟ' ಎನ್ನುತ್ತಾರೆ. ಯಾರು ಹೆಚ್ಚು ಬಿಟ್ಟುಕೊಡುತ್ತಾರೋ ಅವರಿಗೆ ಚೀಟಿ. ಇಪ್ಪತ್ತು ಸಾವಿರ ಬಿಟ್ಟು ಎಂಬತ್ತು ಸಾವಿರಕ್ಕೆ ಎತ್ತಿದರು ಎನ್ನಿ. ಬಿಟ್ಟದ್ದರಲ್ಲಿ ಐದು ಸಾವಿರ ನಡೆಸುವವರ ಕಮಿಷನ್. ಉಳಿದ ಹದಿನೈದು ಸಾವಿರ ಎತ್ತಿದವರನ್ನೂ ಸೇರಿಸಿ ಇಪ್ಪತ್ತು ಜನರಿಗೆ ಹಂಚಿದರೆ ತಲೆಗೆ ಏಳುನೂರ ಐವತ್ತು. ಮಗಳ ಕಾಲೇಜು ಫೀಜಿಗೆಂದು ನಾವು ಸೇರಿದ್ದೆವು. ಹದಿನಾಲ್ಕನೆಯ ತಿಂಗಳು ಕೂಗಿಗೆ ಹೋದರೆ ನಡೆಸುವವರ ಮನೆಗೆ ಬೀಗ. ಕೊಟ್ಟ ದೂರಿನ ನಕಲು ಇನ್ನೂ ನಮ್ಮ ಟ್ರಂಕಿನಲ್ಲಿದೆ.

ಅಳಿಯ ಅರ್ಧ ಗಂಟೆಯಲ್ಲಿ ಈ ಚೀಟಿಯನ್ನೇ ಕಾಂಟ್ರಾಕ್ಟಾಗಿ ಬರೆದ. ತನ್ನ ಲೈಬ್ರರಿಯ ಮೂಲಕ ಸೇವೆಗೆ ಒಪ್ಪಿಸಿದ. ಚಹಾ ಕುಡಿದು ಮುಗಿಸುವಷ್ಟರಲ್ಲಿ ವರದಿ ಬಂತು. ಮೇಲಿನ ಸಾಲೇ ಕೆಂಪು: ದೊಡ್ಡ ತಪ್ಪು, ಕ್ರಮಸಂಖ್ಯೆ 107.

"ಏನದು?"

"ಹಣ ಮೊದಲು ಕೊಟ್ಟು, ಕೊಟ್ಟದ್ದನ್ನು ಆಮೇಲೆ ಬರೆದೀನಿ ಮಾಮಾ. ತೋರಿಸ್ಲಿಕ್ಕೆ ಬೇಕಂತಲೇ ಹಾಗೆ ಬರೆದೆ."

ಇದರಿಂದ ಆಗುವ ಅನಾಹುತ ಇಷ್ಟು. ಕೌಂಟರಿನ ಮುಂದೆ ನಿಂತವನು ಹಣ ಪಡೆಯುತ್ತಾನೆ. ಗುಮಾಸ್ತ ಪುಸ್ತಕದಲ್ಲಿ ಕಳೆಯುವ ಮುಂಚೆಯೇ ಮತ್ತೆ ಕೈ ಚಾಚುತ್ತಾನೆ. ಪುಸ್ತಕದಲ್ಲಿ ಬಾಕಿ ಹಾಗೆಯೇ ಇರುವುದರಿಂದ ಮತ್ತೆ ಕೊಡಬೇಕಾಗುತ್ತದೆ. ಹೀಗೆ ಪೆಟ್ಟಿಗೆ ಬರಿದಾಗುವವರೆಗೆ. 2016ರ ಜೂನ್ 17ರಂದು ಈಥೀರಿಯಂ ಮೇಲಿನ 'ದಿ ಡಿಎಒ' ಎಂಬ ಸಾಮೂಹಿಕ ನಿಧಿಯಿಂದ ಸುಮಾರು 36 ಲಕ್ಷ ಈಥರ್ ಹಾರಿಹೋದದ್ದು ಇದೇ ದಾರಿಯಲ್ಲಿ. ಆ ನಷ್ಟ ತುಂಬಲು ಮುಂದಿನ ತಿಂಗಳು ಲೆಕ್ಕದ ಪುಸ್ತಕವನ್ನೇ ಎರಡಾಗಿ ಕವಲೊಡೆಸಬೇಕಾಯಿತು. ಒಪ್ಪದವರು ಹಳೆಯ ಕವಲನ್ನು ಈಥೀರಿಯಂ ಕ್ಲಾಸಿಕ್ ಎಂದು ಉಳಿಸಿಕೊಂಡರು.

ಲೈಬ್ರರಿಯಿಂದಲೇ ಕೇಡಾದದ್ದೂ ಉಂಟು. ಪ್ಯಾರಿಟಿ ಎಂಬ ಕಂಪನಿಯ ಹಣದ ಚೀಲಗಳೆಲ್ಲ ಬ್ಲಾಕ್‌ಚೈನಿನ ಮೇಲೆ ಇಟ್ಟ ಒಂದೇ ಲೈಬ್ರರಿಯನ್ನು ನಂಬಿಕೊಂಡಿದ್ದವು. ಅದಕ್ಕೆ ಮಾಲೀಕನನ್ನು ಗೊತ್ತುಮಾಡುವುದನ್ನೇ ಮರೆತಿದ್ದರು. 2017ರ ನವೆಂಬರಿನಲ್ಲಿ ಯಾರೋ ಒಬ್ಬ ತಾನೇ ಮಾಲೀಕನಾಗಿ ಅದನ್ನು ಅಳಿಸಿಬಿಟ್ಟ. 587 ಚೀಲಗಳಲ್ಲಿದ್ದ ಐದು ಲಕ್ಷ ಹದಿಮೂರು ಸಾವಿರಕ್ಕೂ ಹೆಚ್ಚು ಈಥರ್ ಕಣ್ಣಿಗೆ ಕಾಣುವಂತೆಯೇ ಸೆರೆಯಾಯಿತು. ಕದ್ದವರೂ ಇಲ್ಲ, ತೆಗೆಯಬಲ್ಲವರೂ ಇಲ್ಲ.

ಅಳಿಯ ಸಾಲುಗಳನ್ನು ಹಿಂದುಮುಂದು ಮಾಡಿ ಮತ್ತೆ ಒಪ್ಪಿಸಿದ. ಈ ಸಲ ಕೆಂಪು ಇರಲಿಲ್ಲ. "ನೋಡ್ರಿ, ಪಾಸ್!" ಎಂದ.

ಗುಮಾಸ್ತನ ಚಾಳಿ ಬಿಡುವುದಿಲ್ಲವಲ್ಲ. ನಾವು ಕಾಗದ ಪೆನ್ಸಿಲು ತಂದು, ಅವನ ಪ್ರೋಗ್ರಾಮು ಹಂಚಿದ ಮೊತ್ತವನ್ನು ಕೈಯಲ್ಲಿ ಗುಣಿಸಿ ನೋಡಿದೆವು. ತಲೆಗೆ 789 ಎಂದಿತ್ತು, 750 ಇರಬೇಕಾಗಿತ್ತು. ಹುಡುಗ ಚೀಟಿ ಎತ್ತಿದವರನ್ನು ಬಿಟ್ಟು ಹತ್ತೊಂಬತ್ತು ಜನರಿಗೆ ಹಂಚಿದ್ದ. ಭಾಗಾಕಾರದಲ್ಲಿ ಉಳಿದ ಒಂಬತ್ತು ರೂಪಾಯಿ ಯಾರ ಖಾತೆಗೂ ಸೇರದೆ ನಡುವೆ ಕುಳಿತಿತ್ತು.

"ಇದನ್ನು ನಿನ್ನ ಸೇವೆ ಯಾಕೆ ಹಿಡಿಯಲಿಲ್ಲ?"

ಅವನು ತಲೆ ಕೆರೆದುಕೊಂಡ. "ಅದಕ್ಕೆ ನಿಮ್ಮ ಚೀಟಿಯ ನಿಯಮ ಏನು ಗೊತ್ತು ಮಾಮಾ? ಗೊತ್ತಿರೋ ನಮೂನೆಯ ತಪ್ಪು ಹಿಡೀತದ. ಹೇಳದೇ ಇರೋ ನಿಯಮ ಹೆಂಗ ಹಿಡೀತದ? ಅದಕ್ಕೇ ದೊಡ್ಡ ಕಾಂಟ್ರಾಕ್ಟು ಇದ್ದರೆ ಮನುಷ್ಯರೂ ಕೂತು ಓದ್ತಾರ."

ಅಲ್ಲಿಗೆ ಮಾತು ಮುಗಿಯಬೇಕಾಗಿತ್ತು. ಆದರೆ ಅವನು ಹುಡುಗುತನದಿಂದ ಕೇಳಿಬಿಟ್ಟ: "ನಿಮ್ಮ ಚೀಟಿಯ ಪುಸ್ತಕ ಯಾರೂ ಓದಿರಲಿಲ್ಲೇನು?"

ಓದುವುದಕ್ಕೆ ಒಬ್ಬರಿದ್ದರು. ಅವರು ನಾವೇ.

ಚೀಟಿ ನಡೆಸುವವರು ಪ್ರತಿ ತಿಂಗಳು ಕೂಗು ಮುಗಿದ ಮೇಲೆ ಪುಸ್ತಕವನ್ನು ನಮ್ಮ ಮುಂದೆ ಹಿಡಿಯುತ್ತಿದ್ದರು. "ಸೆಂಟ್ರಲ್ ಗೌರ್ಮೆಂಟಿನವರು, ಬಿ.ಎಸ್‌ಸಿ. ಓದಿದವರು, ನಿಮ್ಮದೊಂದು ಸಹಿ ಇರಲಿ." ಉಬ್ಬಿಹೋಗುತ್ತಿದ್ದೆವು. ಒಂದು ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ, ಇನ್ನೊಂದು ಕೈಯಲ್ಲಿ ಪೆನ್ನು. ಹದಿಮೂರು ತಿಂಗಳು ಸಹಿ ಮಾಡಿದೆವು. ಒಮ್ಮೆಯೂ ಹಿಂದಿನ ಪುಟ ತಿರುಗಿಸಲಿಲ್ಲ. ತಿರುಗಿಸಿದ್ದರೆ, ಮೊದಲ ತಿಂಗಳುಗಳಲ್ಲಿ ಚೀಟಿ ಎತ್ತಿದ ಇಬ್ಬರನ್ನು ನಾವು ಯಾರೂ ಕಣ್ಣಿನಿಂದ ಕಂಡಿಲ್ಲ ಎಂಬುದು ಹೊಳೆಯುತ್ತಿತ್ತು. ಅವು ಬರೀ ಹೆಸರುಗಳಾಗಿದ್ದವು.

ಆಫೀಸಿನಲ್ಲಿ ನಮಗೆ ಅನ್ನ ಕೊಡುವುದು ಕೇಂದ್ರ ಸರ್ಕಾರದ ಜಮಾ ಮತ್ತು ಪಾವತಿ ನಿಯಮಗಳು. ಅದರ ಪ್ರಕಾರ ವ್ಯವಹಾರ ನಡೆದ ಕೂಡಲೇ ನಗದು ಪುಸ್ತಕಕ್ಕೆ ಏರಬೇಕು; ತಪಾಸಣೆ ಮಾಡಿದ ಗುರುತಿಗೆ ಅಧಿಕಾರಿ ಸಹಿ ಹಾಕಬೇಕು; ಕೂಡಿದ ಲೆಕ್ಕವನ್ನು ಪುಸ್ತಕ ಬರೆದವನಲ್ಲದೆ ಬೇರೊಬ್ಬರು ನೋಡಬೇಕು. ಹೊಸಬರಿಗೆ ಇದನ್ನು ನಾವೇ ಹೇಳಿಕೊಡುತ್ತೇವೆ. ಸಂಜೆ ಆರರ ಮೇಲೆ ಮಾತ್ರ ಮರೆತಿದ್ದೆವು.

ನೋಂದಣಿಯಾದ ಚೀಟಿಯಲ್ಲಿ ಇಷ್ಟು ಸಲೀಸಲ್ಲ. 1982ರ ಚಿಟ್ ಫಂಡ್ ಕಾಯಿದೆಯಂತೆ ನಡೆಸುವವರು ರಿಜಿಸ್ಟ್ರಾರರಲ್ಲಿ ಮೊದಲೇ ಭದ್ರತೆ ಕಟ್ಟಬೇಕು. ಕಮಿಷನ್ನಿಗೂ ಮಿತಿಯಿದೆ, 2019ರ ತಿದ್ದುಪಡಿಯಲ್ಲಿ ಅದು ಶೇಕಡಾ 5ರಿಂದ 7ಕ್ಕೆ ಏರಿತು. ತೆಲಂಗಾಣದ ನೋಂದಣಿ ಮತ್ತು ಮುದ್ರಾಂಕ ಇಲಾಖೆ ಇದೇ ಊರಿನ ಚಿಟ್‌ಮಾಂಕ್ಸ್ ಕಂಪನಿಯ ನೆರವಿನಿಂದ ಬ್ಲಾಕ್‌ಚೈನ್ ಆಧಾರಿತ 'ಟಿ-ಚಿಟ್ಸ್' ವ್ಯವಸ್ಥೆಯನ್ನೂ ತಂದಿತು. ನಾವು ಮಾತ್ರ, ಪರಿಚಯದವರು, ನಮ್ಮ ಭಾಷೆಯವರು ಎಂಬುದನ್ನೇ ನೋಂದಣಿ ಎಂದುಕೊಂಡಿದ್ದೆವು.

ನಮ್ಮ ಹಣ ಹೋದದ್ದು ದೊಡ್ಡದಲ್ಲ. ಮಗಳ ಫೀಜಿಗೆ ಭವಿಷ್ಯ ನಿಧಿಯಿಂದ ತೆಗೆದೆವು. ಆದರೆ ಪಕ್ಕದ ಬೀದಿಯಲ್ಲಿ ಬೀದರ ಕಡೆಯ ಅಕ್ಕನೊಬ್ಬರಿದ್ದಾರೆ. ಗಂಡ ತೀರಿದ ಮೇಲೆ ಹಪ್ಪಳ ಶಾವಿಗೆ ಮಾಡಿ ಮನೆ ನಡೆಸಿದವರು. ಅವರ ಐವತ್ತಾರು ಸಾವಿರ ಚಿಲ್ಲರೆಯೂ ಹೋಯಿತು. ಬೀಗ ಬಿದ್ದ ದಿನ ಅವರು ಅಳಲಿಲ್ಲ, ಬೈಯಲಿಲ್ಲ. ನಮ್ಮನ್ನು ನೋಡಿ, "ನಿಮ್ಮ ಸಹಿ ಅದ ಅಂತ ನಾ ರೊಕ್ಕ ಕಟ್ಟೀನಿ, ತಮ್ಮಾ" ಎಂದಷ್ಟೇ ಹೇಳಿದರು. ಅಂದಿನಿಂದ ನಾವು ಆ ಬೀದಿ ತಪ್ಪಿಸಿ, ಸುತ್ತಿಕೊಂಡು ಬಸ್‌ಸ್ಟಾಪಿಗೆ ಹೋಗುತ್ತಿದ್ದೆವು.

ಅಳಿಯ ಹೊರಟ ಮೇಲೆ ಮನೆಯಲ್ಲಿ ಬಹಳ ಹೊತ್ತು ಮಾತಿರಲಿಲ್ಲ. ಕಡೆಗೆ ನಮ್ಮಾಕೆಯೇ, "ತಿಂಗಳಿಗೆ ಎರಡು ಸಾವಿರ ಉಳಿಸಬಹುದು. ಎರಡೂವರೆ ವರ್ಷ ಆಗಬಹುದು, ಅಷ್ಟೇ" ಎಂದಳು. ಯಾರಿಗೆ, ಏತಕ್ಕೆ ಎಂದು ನಾವು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಸಂಬಳದ ಮಾರನೆಯ ದಿನ ಇಬ್ಬರೂ ಆ ಬೀದಿಗೆ ಹೋದೆವು. ಅಕ್ಕ ಅಂಗಳದಲ್ಲಿ ಹಪ್ಪಳ ತಿರುವಿ ಹಾಕುತ್ತಿದ್ದರು. "ನೀವ್ಯಾಕ ಕೊಡ್ತೀರಿ? ಕದ್ದವರು ನೀವಲ್ಲ" ಎಂದು ಎರಡು ಸಲ ಕೈ ಹಿಂದೆಗೆದರು. ಸಹಿ ನಮ್ಮದು ಎಂದೆವು. ಒಳಗೆ ಹೋಗಿ, ಮೊಮ್ಮಗಳ ಹಳೆಯ ನೋಟುಬುಕ್ಕು ತಂದು, ಖಾಲಿ ಪುಟ ಹುಡುಕಿ, ತಾರೀಖು ಹಾಕಿ 'ಎರಡು ಸಾವಿರ' ಎಂದು ದಪ್ಪ ಅಕ್ಷರದಲ್ಲಿ ಬರೆದರು. ಬರೆದಾದ ಮೇಲೆಯೇ ಹಣ ತೆಗೆದುಕೊಂಡರು. ಹಣ ಕೈಗೆ ಬರುವ ಮೊದಲೇ ಬರಹ! ನಮ್ಮ ಆಡಿಟ್ಟಿನವರು ಆಕ್ಷೇಪಿಸಬಹುದಾದರೂ ಅಳಿಯನ ಸೇವೆ ಮೆಚ್ಚುತ್ತಿತ್ತು. ಆಮೇಲೆ ನೋಟುಬುಕ್ಕನ್ನು ನಮ್ಮ ಕಡೆ ತಿರುಗಿಸಿ, "ಸಹಿ ಮಾಡ್ರಿ" ಎಂದರು.

ಕನ್ನಡಕ ಹಾಕಿಕೊಂಡು ಮೊದಲ ಅಕ್ಷರದಿಂದ ಓದಿದೆವು. ತಾರೀಖು ಒಂದು ದಿನ ಹಿಂದಿನದಾಗಿತ್ತು. ಅದನ್ನು ತಿದ್ದಿಸಿ ಸಹಿ ಮಾಡಿದೆವು.