ಸ್ಲೈಡ್ ಸವೆದ ಜಾವಾ

ಮೈಸೂರಿನ ಯಾದವಗಿರಿ ಕಡೆಯ ಒಂದು ಗ್ಯಾರೇಜು. ಹೊರಗೆ ಜುಲೈ ತಿಂಗಳ ಜಿಟಿಜಿಟಿ ಮಳೆ, ಒಳಗೆ ಪೆಟ್ರೋಲಿನ ಘಾಟು. ನಿಮ್ಮೆದುರು ಸ್ಟ್ಯಾಂಡ್ ಹಾಕಿ ನಿಲ್ಲಿಸಿರುವುದು ಅರವತ್ತರ ದಶಕದ ಜಾವಾ 250. ಮರೂನ್ ಬಣ್ಣ, ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಇದು ಹುಟ್ಟಿದ್ದೂ ಈ ಯಾದವಗಿರಿಯಲ್ಲೇ. 1961ರಲ್ಲಿ ಗಾಡಿ ತಯಾರಿಸಲು ಶುರುಮಾಡಿದ ಐಡಿಯಲ್ ಜಾವಾ ಕಾರ್ಖಾನೆಗೆ 1996ರಲ್ಲಿ ಬೀಗ ಬಿತ್ತು. ಗಾಡಿಗಳು ಮಾತ್ರ ಇನ್ನೂ ಓಡುತ್ತಿವೆ.

ಮೇಸ್ತ್ರಿ ಗೇರ್ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸುತ್ತಾರೆ. ಜಾವಾದಲ್ಲಿ ಗೇರೂ ಅದೇ, ಕಿಕ್ಕರೂ ಅದೇ. ಎರಡನೇ ಒದೆತಕ್ಕೆ ಎಂಜಿನ್ ಹತ್ತಿಕೊಳ್ಳುತ್ತದೆ. ಆ್ಯಕ್ಸಿಲರೇಟರ್ ಮುಟ್ಟದಿದ್ದರೂ ಸದ್ದು ತಾನಾಗಿಯೇ ಏರುತ್ತದೆ, ಏರಿದ್ದು ಇಳಿಯಲು ತಡಮಾಡುತ್ತದೆ, ಇಳಿಯಿತು ಅನ್ನುವಷ್ಟರಲ್ಲಿ ಆಫ್.

"ಕೇಳಿದ್ರಾ? ಐಡ್ಲಿಂಗ್ ನಿಲ್ತಿಲ್ಲ. ಎಲ್ಲೋ ಗಾಳಿ ಎಳೀತಿದೆ."

"ಜೆಟ್ಟೆಲ್ಲಾ ಮೊನ್ನೆ ತಾನೇ ಕ್ಲೀನ್ ಮಾಡಿಸಿದ್ದೆನಲ್ಲಾ ಮೇಸ್ತ್ರಿ," ಅನ್ನುತ್ತಾರೆ ಗಾಡಿಯ ಒಡೆಯರು, ರಿಟೈರಾದ ಸ್ಕೂಲ್ ಮೇಷ್ಟ್ರು. ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ. ಅಷ್ಟರೊಳಗೆ ಗಾಡಿ ಸರಿಹೋಗಬೇಕೆಂಬ ಆತುರ ಅವರದು.

ಮೇಸ್ತ್ರಿ ಮಾತಾಡದೆ ಪ್ಲಗ್ ಬಿಚ್ಚಿ ನಿಮ್ಮ ಮುಂದೆ ಹಿಡಿಯುತ್ತಾರೆ. ತುದಿ ಸುಣ್ಣ ಬಳಿದಂತೆ ಬೆಳ್ಳಗಿದೆ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಎಂಬುದಕ್ಕೆ ಅದೇ ಗುರುತು. ಟೂ ಸ್ಟ್ರೋಕ್ ಗಾಡಿಯಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಪಿಸ್ಟನ್ನಿಗೆ ಬೇಕಾದ ಆಯಿಲ್ ಪೆಟ್ರೋಲಿನಲ್ಲೇ ಬೆರೆತು ಒಳಗೆ ಹೋಗುತ್ತದೆ. ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ. ದೂರದ ಓಟದಲ್ಲಿ ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಂಡಿತೆಂದರೆ ಹಿಂದಿನ ಚಕ್ರವೂ ಅಲ್ಲೇ ಕಚ್ಚಿ ನಿಲ್ಲಬಹುದು. ಐಡ್ಲಿಂಗ್ ತಾನೇ, ಇದ್ದರಾಯಿತು ಬಿಡಿ ಅನ್ನುವವರನ್ನು ಕಂಡರೆ ನನಗೆ ಭಯವಾಗುವುದು ಇದಕ್ಕೇ.

ಪೆಟ್ರೋಲ್ ಕಾಕ್ ಬಂದ್. ಪೈಪ್ ಕಳಚಿ, ಕಾರ್ಬುರೇಟರಿನ ಮೇಲಿನ ಮುಚ್ಚಳ ತಿರುಗಿಸಿ ಎಳೆದರೆ, ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಸ್ಲೈಡ್ ಕೇಬಲ್ಲಿಗೆ ನೇತುಬಿದ್ದು ಹೊರಗೆ ಬರುತ್ತದೆ. ಈಗ ಕಾರ್ಬುರೇಟರು ಮೇಸ್ತ್ರಿಯ ಅಂಗೈಯಲ್ಲಿದೆ. ಜೆಕ್ ನಾಡಿನ ಜಿಕೋವ್. ಫ್ಲೋಟ್ ಕೋಣೆಯ ತಳದಲ್ಲಿ ಬಿಳಿ ಪುಡಿ ಕಚ್ಚಿಕೊಂಡಿದೆ. ಎಥೆನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿದರೆ ಸತುವಿನ ಬಾಡಿಯನ್ನು ಹೀಗೆ ತಿನ್ನುತ್ತದೆ.

ಮೇಸ್ತ್ರಿ ಹಿತ್ತಾಳೆಯ ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನಿಮ್ಮ ಕೈಗೆ ಕೊಡುತ್ತಾರೆ. ನೀವೂ ಅಲ್ಲಾಡಿಸಿ ನೋಡಿ: ಒಳಗೆ ಸಣ್ಣಗೆ ಗುಳುಗುಳು. ಬಿಸಿನೀರಿನಲ್ಲಿ ಮುಳುಗಿಸಿದಾಗ ಅಂಚಿನಿಂದ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತವೆ. ತೂತು ಸಿಕ್ಕಿತು. ಒಳಗಿನ ಪೆಟ್ರೋಲಷ್ಟೂ ಆರುವ ತನಕ ಬೆಸುಗೆಯ ಮಾತೇ ಇಲ್ಲ, ಆವಿ ಉಳಿದಿದ್ದರೆ ಕೈಯಲ್ಲೇ ಸಿಡಿದೀತು. ಆಮೇಲೂ ಒಂದು ಸಣ್ಣ ಹನಿ ಸೀಸ, ಅಷ್ಟೆ. ಬೆಸುಗೆ ದಪ್ಪವಾದರೆ ಫ್ಲೋಟ್ ಭಾರವಾಗುತ್ತದೆ, ಪೆಟ್ರೋಲಿನ ಮಟ್ಟ ಏರುತ್ತದೆ.

ಆದರೆ ಗಾಳಿ ನುಗ್ಗುತ್ತಿರುವ ಜಾಗ ಇದಲ್ಲ. ಮೇಸ್ತ್ರಿ ಸ್ಲೈಡನ್ನು ಒರೆಸಿ ಬಾಗಿಲ ಬೆಳಕಿಗೆ ಹಿಡಿಯುತ್ತಾರೆ. ಎಂಜಿನ್ ಕಡೆಯ ಮೈ ಮಾತ್ರ ಕನ್ನಡಿಯಾಗಿದೆ. ಪಿಸ್ಟನ್ನಿನ ಎಳೆತಕ್ಕೆ ಸ್ಲೈಡು ಇಷ್ಟು ವರ್ಷವೂ ಆ ಬದಿಗೇ ಒರಗಿಕೊಂಡು ಉಜ್ಜಿದೆ. ಬಾಡಿಯೊಳಗೆ ಇಳಿಸಿ ಬೆರಳಿನಿಂದ ದೂಡಿದರೆ ಟಕ್ ಟಕ್. ಆ ಸಂದಿನಲ್ಲಿ ನುಸುಳುವ ಗಾಳಿಗೆ ಯಾವ ಸ್ಕ್ರೂವಿನ ಲೆಕ್ಕವೂ ಇಲ್ಲ.

"ಹೊಸಾ ಮಿಕ್‌ಕಾರ್ಬ್ ಕಾರ್ಬುರೇಟರ್ ಸಿಗುತ್ತಲ್ಲಾ, ಹಾಕ್ಬಿಡೋಣ್ವಾ?"

"ಹಾಕ್ಬೋದು ಮೇಷ್ಟ್ರೇ, ಓಡುತ್ತೆ. ಆದ್ರೆ ಕೂರೋಕೆ ಅಡಾಪ್ಟರ್ ಮಾಡಿಸ್ಬೇಕು, ಜೆಟ್ಟು ಮೊದಲಿಂದ ಹೊಂದಿಸ್ಬೇಕು. ಇದರ ಬಾಡಿ ಬಿರುಕು ಬಿಟ್ಟಿಲ್ಲ. ಲೇತಿಗೆ ಕೊಟ್ಟು ನೋಡೋಣ."

ದಿನಾ ಗಾಡಿ ಓಡಿಸಲೇಬೇಕಾದವರು ಹೊಸದು ಹಾಕಿಸಿಕೊಂಡರೆ ತಪ್ಪೇನಿಲ್ಲ. ಆದರೆ ಬಾಡಿ ಗಟ್ಟಿಯಿರುವಾಗ ಅದನ್ನು ಗುಜರಿಗೆ ಹಾಕುವುದು ನನಗಂತೂ ಒಪ್ಪಿಗೆಯಿಲ್ಲ. ಈ ಎಂಜಿನ್ನಿನ ಉಸಿರಿಗೆ ಅಳತೆ ಮಾಡಿಯೇ ಇದನ್ನು ಕೂರಿಸಿದ್ದರು.

ಲೇತಿನವರು ಬಾಡಿಯ ಒಳಗನ್ನು ಹದವಾಗಿ ಕೊರೆದು ದುಂಡಗೆ ಮಾಡಿ, ಅದಕ್ಕೆ ತಕ್ಕ ದಪ್ಪದ ಹಿತ್ತಾಳೆ ಸ್ಲೈಡ್ ಕಡೆದುಕೊಡುತ್ತಾರೆ. ಸಂದು ಹೆಚ್ಚಾದರೆ ಮತ್ತೆ ಅದೇ ರಗಳೆ. ತೀರಾ ಬಿಗಿಯಾದರೆ ಇನ್ನೂ ಅಪಾಯ: ಸ್ಲೈಡು ಕೆಳಗಿಳಿಯದೆ, ಆ್ಯಕ್ಸಿಲರೇಟರ್ ತೆರೆದಂತೆಯೇ ಸಿಕ್ಕಿಕೊಂಡೀತು. ಅದಕ್ಕೇ ಮೇಸ್ತ್ರಿ ಹೊಸ ಸ್ಲೈಡನ್ನು ಒಣಗಿದ ಬಾಡಿಯೊಳಗೆ ಬಿಡುತ್ತಾರೆ. ಅದು ತನ್ನ ತೂಕಕ್ಕೇ ಸರ್ರನೆ ಜಾರಿ ತಳ ಮುಟ್ಟುತ್ತದೆ. ಬೆರಳಿನಿಂದ ದೂಡಿ ನೋಡಿ. ಅಲುಗುವುದಿಲ್ಲ.

ಮತ್ತೆ ಜೋಡಣೆ. ಟಿಕ್ಲರ್ ಒತ್ತಿದಾಗ ಪೆಟ್ರೋಲ್ ಜಿನುಗುತ್ತದೆ. ಮೊದಲ ಒದೆತಕ್ಕೇ ಸ್ಟಾರ್ಟ್. ಮೇಸ್ತ್ರಿ ಸ್ಕ್ರೂಡ್ರೈವರ್ ಹಿಡಿದು ಕಾಲು ಸುತ್ತು, ಅರ್ಧ ಸುತ್ತು ತಿರುಗಿಸಿ ಕಿವಿಗೊಟ್ಟು ನಿಲ್ಲುತ್ತಾರೆ. ಸದ್ದು ಒಂದು ಹದಕ್ಕೆ ಬಂದು ಅಲ್ಲೇ ಕೂರುತ್ತದೆ. ಮೇಷ್ಟ್ರು ಮಾತಾಡುವುದನ್ನೇ ಬಿಟ್ಟು ಕೇಳಿಸಿಕೊಳ್ಳುತ್ತಿದ್ದಾರೆ.

ನಿಜವಾದ ಪರೀಕ್ಷೆ ಚಾಮುಂಡಿ ಬೆಟ್ಟದ್ದು. ಮೇಷ್ಟ್ರು ಏರುದಾರಿ ಹತ್ತಿಸಿಕೊಂಡು ಬಂದು ನಿಲ್ಲಿಸುತ್ತಾರೆ. ಪ್ಲಗ್ ಮತ್ತೆ ಹೊರಗೆ. ಸುಣ್ಣದ ಬಿಳುಪು ಹೋಗಿ ಕಂದು ಬಣ್ಣ ಹತ್ತಿದೆ, ಆದರೆ ಇನ್ನೂ ತುಸು ತಿಳಿ. ಮೇಸ್ತ್ರಿ ಮುಚ್ಚಳ ತೆಗೆದು ಸ್ಲೈಡಿನೊಳಗಿನ ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಕ್ಕೆ ಇಳಿಸುತ್ತಾರೆ. ಸೂಜಿ ಅಷ್ಟು ಮೇಲೇರಿತು, ಪೆಟ್ರೋಲ್ ಇನ್ನಿಷ್ಟು ಬರುತ್ತದೆ.

"ಇನ್ನೊಂದ್ಸಲ ಹತ್ತಿಸ್ಕೊಂಡು ಬನ್ನಿ ಮೇಷ್ಟ್ರೇ. ಇಳಿಜಾರಲ್ಲಿ ಆ್ಯಕ್ಸಿಲರೇಟರ್ ಪೂರ್ತಿ ಮುಚ್ಬೇಡಿ, ಆಯಿಲೂ ನಿಂತ್ಹೋಗುತ್ತೆ."