ಫೊಂಟೈನ್ಹಾಸಿನ ಹಳೆಯ ಮನೆಗಳು

ಪಣಜಿಯ ಬಸ್ ನಿಲ್ದಾಣದಿಂದ ಒರೆಂ ಹೊಳೆಯನ್ನು ದಾಟಿ ಬಂದರೆ ಆಲ್ಟಿನೊ ಗುಡ್ಡದ ಬುಡಕ್ಕೆ ಆತುಕೊಂಡಂತೆ ಫೊಂಟೈನ್ಹಾಸ್ ಎಂಬ ಹಳೆಯ ಕೇರಿಯಿದೆ. ಗುಡ್ಡದಡಿಯ ನೀರಿನ ಬುಗ್ಗೆಯಿಂದ ಅದಕ್ಕೆ ಆ ಹೆಸರು. ಹಳದಿ, ನೀಲಿ, ಕಾವಿ ಬಣ್ಣದ ಗೋಡೆಗಳು. ಬೀದಿಯತ್ತ ಬಾಗಿದ ಪಡಸಾಲೆಗಳು. ಕೆಲವೆಡೆ ಗಾಜಿಗೆ ಬದಲು ಚಿಪ್ಪು ಕೂಡಿಸಿದ ಕಿಟಕಿಗಳು. ಮಾಡಿನ ಮೇಲೆ ನಮ್ಮ ಮಂಗಳೂರು ಹೆಂಚು! ಇಂಥದೊಂದು ಮನೆಯನ್ನು ಕೊಂಡು, ಜೀರ್ಣೋದ್ಧಾರ ಮಾಡಿಸಿ ಬಾಡಿಗೆಗೆ ಕೊಟ್ಟರೆ ಕೂಡಿಟ್ಟ ಹಣಕ್ಕೊಂದು ದಾರಿಯಾದೀತೆಂಬ ಆಸೆ ಗೋವೆಯಲ್ಲಿ ನೆಲೆಸಿದ ನಮ್ಮವರಲ್ಲಿ ಹಲವರಿಗೆ ಹುಟ್ಟುವುದುಂಟು.

ಗೋಡೆಗೆ ಅಂಜಬೇಕಾಗಿಲ್ಲ. ಅದು ಮುರಕಲ್ಲಿನದು, ಗಾರೆ ಸುಣ್ಣದ್ದು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ಈ ಊರಿನಲ್ಲಿ ಗೋಡೆ ನೀರನ್ನು ಹೀರುತ್ತದೆ. ಸುಣ್ಣದ ಗಾರೆ ಆ ತೇವವನ್ನು ಮೆಲ್ಲಗೆ ಹೊರಬಿಡುತ್ತದೆ. ಅಗ್ಗವೆಂದು ಸಿಮೆಂಟು ಬಳಿದರೆ ತೇವ ಒಳಗೇ ಉಳಿದು, ಉಪ್ಪು ಹೂಬಿಟ್ಟು, ಗಿಲಾವು ಹಪ್ಪಳದಂತೆ ಏಳುತ್ತದೆ. ಕೇರಿ ಸಂರಕ್ಷಿತ ವಲಯದಲ್ಲಿರುವುದರಿಂದ ಮುಂಬದಿಯ ರೂಪವನ್ನು ಅನುಮತಿಯಿಲ್ಲದೆ ಬದಲಿಸುವಂತೆಯೂ ಇಲ್ಲ. ಸುಣ್ಣದ ಕೆಲಸ ಬಲ್ಲ ಗೌಂಡಿ ಸಿಕ್ಕುವುದೇ ಕಷ್ಟ. ಗೋವೆಯ ಕಟ್ಟಡಗಳ ಅಟ್ಟಣಿಗೆಗಳ ಮೇಲೆ ವಿಜಯಪುರ, ಬಾಗಲಕೋಟೆ, ಗದಗಗಳ ಕನ್ನಡ ಧಾರಾಳವಾಗಿ ಕೇಳಿಬರುತ್ತದೆ. ಆ ಕೈಗಳಿಗೆ ಈ ವಿದ್ಯೆಯನ್ನು ಕಲಿಸಿದರೆ ಎಷ್ಟು ಚೆನ್ನಾಗಿತ್ತು!

ಅಂಜಬೇಕಾದದ್ದು ಕಾಗದಪತ್ರಗಳಿಗೆ. ಪೋರ್ಚುಗೀಸರ 1867ರ ನಾಗರಿಕ ಸಂಹಿತೆಯ ಕುಟುಂಬ ನಿಯಮಗಳು ಗೋವೆಯಲ್ಲಿ ಇಂದಿಗೂ ಜೀವಂತವಾಗಿವೆ. ಮದುವೆಯ ಮುನ್ನ ಬೇರೆ ಕರಾರಾಗಿರದಿದ್ದರೆ ಗಂಡಹೆಂಡಿರ ಆಸ್ತಿ ಒಂದೇ. ಒಬ್ಬರ ರುಜುವಿನಿಂದ ಮನೆ ಮಾರಾಟವಾಗದು. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಸಮಪಾಲು. ಹೀಗಾಗಿ ಅಜ್ಜನ ಹೆಸರಿನಲ್ಲಿಯೇ ಉಳಿದ ಮನೆಗೆ ಲಿಸ್ಬನ್ನಿನಲ್ಲೊಬ್ಬರು, ಮುಂಬಯಿಯಲ್ಲೊಬ್ಬರು ಎಂದು ಹತ್ತಾರು ವಾರಸುದಾರರೂ ಅವರ ಸಂಗಾತಿಗಳೂ ಇರಬಹುದು. ಅವರಲ್ಲಿ ಒಮ್ಮತವಿಲ್ಲದಿದ್ದರೆ 2016ರಿಂದ ಜಾರಿಯಲ್ಲಿರುವ ವಾರಸಾ ಕಾಯಿದೆಯಂತೆ ನ್ಯಾಯಾಲಯದಲ್ಲಿ 'ಇನ್ವೆಂಟರಿ' ನಡೆದು ಪಾಲು ತೀರ್ಮಾನವಾಗಬೇಕು. ಬೀಗ ಬಿದ್ದ ಎಷ್ಟೋ ಮನೆಗಳ ಗುಟ್ಟು ಇದೇ: ಪಾಲುದಾರರು ಒಪ್ಪುವ ಹೊತ್ತಿಗೆ ತೊಲೆಗೆ ಗೆದ್ದಲು ಹಿಡಿದಿರುತ್ತದೆ.

ಒಳಗೆ ಹಳೆಯ ಬಾಡಿಗೆದಾರರಿದ್ದರೆ ಲೆಕ್ಕವೇ ಬೇರೆ. 1968ರ ಬಾಡಿಗೆ ನಿಯಂತ್ರಣ ಶಾಸನದ ಆಸರೆಯುಳ್ಳವರನ್ನು ಮನಬಂದಂತೆ ಎಬ್ಬಿಸಲಾಗದು; ತಲೆಮಾರಿನಿಂದ ಬಾಳಿದವರನ್ನು ಎಬ್ಬಿಸಬಾರದೆಂಬುದೂ ನ್ಯಾಯವೇ. ಆದುದರಿಂದ ಮುಂಗಡದ ಮಾತೆತ್ತುವ ಮೊದಲು ನಗರ ಸರ್ವೆಯ 'ಡಿ' ನಮೂನೆಯನ್ನು ತರಿಸಿ, ಅಲ್ಲಿರುವ ಹೆಸರುಗಳಿಗೂ ಬಾಗಿಲು ತೆರೆದ ಮುಖಗಳಿಗೂ ಇರುವ ನಂಟನ್ನು ವಕೀಲರಿಂದ ಬಿಡಿಸಿಕೊಳ್ಳಿರಿ. ಮನೆಯನ್ನು ನೋಡುವುದಾದರೆ ಜುಲೈ ತಿಂಗಳ ಜಡಿಮಳೆಯಲ್ಲಿಯೇ ಹೋಗಿರಿ. ಬೇಸಗೆಯಲ್ಲಿ ಎಲ್ಲ ಮಾಡೂ ಭದ್ರವಾಗಿಯೇ ಕಾಣುತ್ತದೆ.